ಕಲ್ಲಿನೊಳಗಿನ ಜಾಗ, ನೀರು ಸಾಗುವ ದಾರಿ: ಒಂದು ಅಳತೆಯ ಇತಿಹಾಸ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದು ಕೊಡಬೇಕೆಂದು ಸಮಿತಿಯ ಹಿರಿಯರು ಫೋನ್ ಮಾಡಿದಾಗ, ನನಗೆ ಮೊದಲು ನೆನಪಾದದ್ದು ಒಂದು ಹಂಚಿನ ಚೂರು. ಒಂಬತ್ತನೆಯ ತರಗತಿಯಲ್ಲಿ ವಿಜ್ಞಾನದ ಸರ್ ಶಾಲೆಯ ಹಿತ್ತಲಲ್ಲಿ ಬಿದ್ದಿದ್ದ ಒಡೆದ ಹಂಚಿನ ಚೂರೊಂದನ್ನು ತಂದು ಬಕೆಟ್ ನೀರಿನಲ್ಲಿ ಮುಳುಗಿಸಿದರು. ಚೂರಿನ ಮೈಯಿಂದ ಸಣ್ಣ ಸಣ್ಣ ಗುಳ್ಳೆಗಳು ಏಳತೊಡಗಿದವು.

"ಗುಳ್ಳಿ ಎಲ್ಲಿಂದ ಬಂದ್ವು ಹೇಳ್ರಿ," ಅಂದರು ಸರ್. ಹಂಚಿನೊಳಗೆ ಗಾಳಿ ಇದೆ ಎಂದು ಮುಂದಿನ ಬೆಂಚಿನವರು ಹೇಳಿದರು. "ಹೌದು, ಒಳಗ ಜಾಗ ಐತಿ, ಅದರಾಗ ಗಾಳಿ ಇತ್ತು, ಈಗ ನೀರು ಹೊಕ್ಕೈತಿ. ಹಂಗಾದ್ರ ಮಳಿಗಾಲದಾಗ ನಿಮ್ಮ ಮನಿ ಯಾಕ ಸೋರೂದಿಲ್ಲ?"

ಯಾರೂ ಉತ್ತರ ಹೇಳಲಿಲ್ಲ. ಗಂಟೆ ಬಾರಿಸಿತು, ಪಾಠ ಮುಗಿಯಿತು. ಆ ಪ್ರಶ್ನೆಗೆ ನಾನು ಸರಿಯಾಗಿ ಉತ್ತರ ಕಂಡುಕೊಂಡದ್ದು ಬಿ.ಇ. ಮುಗಿಸಿ ಕೆಲಸಕ್ಕೆ ಸೇರಿದ ಎಷ್ಟೋ ವರ್ಷಗಳ ಮೇಲೆ. ಕಲ್ಲಿನ ತುಣುಕುಗಳನ್ನು ಪರೀಕ್ಷೆ ಮಾಡುವ ಒಂದು ಯಂತ್ರದ ಒತ್ತಡದ ಅಂಕಿಗಳನ್ನು ದಾಖಲಿಸುವ ಸಾಫ್ಟ್‌ವೇರ್ ಬರೆಯುವ ಕೆಲಸ ನಮ್ಮ ತಂಡಕ್ಕೆ ಬಂದಿತ್ತು. ಯಂತ್ರ ಏನನ್ನು ಅಳೆಯುತ್ತದೆ ಎಂದು ತಿಳಿಯಲು ಓದುತ್ತ ಹೋದೆ. ಓದಿದ್ದೆಲ್ಲ ಕೊನೆಗೆ ನಮ್ಮೂರಿನ ಬಾವಿಗೇ ಬಂದು ನಿಂತಿತು. ಅದನ್ನು ಊರಿನವರಿಗೂ ಶಾಲೆಯ ಮಕ್ಕಳಿಗೂ ಹೇಳಬೇಕೆಂದು ಈ ಲೇಖನ.

ಹಂಚು, ಹರವಿ ಮತ್ತು ಎರಡು ಬೇರೆ ಗುಣಗಳು

ಖಾನಾಪುರದ ಮಣ್ಣಿನ ಬಗ್ಗೆ ನಮ್ಮವರಿಗೆ ಹೇಳಬೇಕಾಗಿಲ್ಲ. ಇಲ್ಲಿನ ಕುಂಬಾರಿಕೆ ಹೆಸರಾದದ್ದು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಖಾನಾಪುರದಲ್ಲಿಯೇ ಇದೆ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಆರಂಭಿಸಿದ ಹಂಚಿನ ಕಸುಬು ಮುಂದೆ ನಮ್ಮ ತಾಲ್ಲೂಕಿಗೂ ಬಂದು ನೆಲೆಯೂರಿತು.

ಬೇಸಿಗೆಯಲ್ಲಿ ಮಣ್ಣಿನ ಹರವಿಯ ಹೊರಮೈ ಒದ್ದೆಯಾಗುತ್ತದೆ. ನೀರು ಬಹಳ ನಿಧಾನವಾಗಿ ಹೊರಗೆ ಬಂದು ಆವಿಯಾಗುತ್ತದೆ, ಅದರಿಂದಲೇ ಒಳಗಿನ ನೀರು ತಣ್ಣಗಿರುತ್ತದೆ. ಆದರೆ ಹರವಿಯ ಕೆಳಗೆ ನೀರು ಹರಿಯುವುದಿಲ್ಲ. ಹಂಚೂ ಹಾಗೆಯೇ. ಅದರೊಳಗೆ ಜಾಗ ಸಾಕಷ್ಟಿದೆ, ಆದರೆ ಆ ಜಾಗಗಳನ್ನು ಒಂದಕ್ಕೊಂದು ಜೋಡಿಸುವ ದಾರಿಗಳು ತೀರಾ ಸಣ್ಣವು. ನೀರು ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟುವಷ್ಟರಲ್ಲಿ ಮಳೆ ನಿಂತು ಹಂಚು ಆರಿರುತ್ತದೆ. ಅದಕ್ಕಾಗಿಯೇ ಹಂಚಿಗೆ ಎರಡು ಬೇರೆ ಬೇರೆ ಪರೀಕ್ಷೆಗಳಿವೆ. ಮುಳುಗಿಸಿದರೆ ಎಷ್ಟು ನೀರು ಕುಡಿಯುತ್ತದೆ ಎಂಬುದು ಒಂದು. ಮೇಲೆ ನೀರು ನಿಲ್ಲಿಸಿದರೆ ಕೆಳಗೆ ಹನಿಯುತ್ತದೆಯೇ ಎಂಬುದು ಇನ್ನೊಂದು.

ಒಂದು ಕಲ್ಲಿನ ಒಟ್ಟು ಗಾತ್ರದಲ್ಲಿ ಖಾಲಿ ಜಾಗದ ಪಾಲು ಎಷ್ಟು ಎಂಬುದಕ್ಕೆ ರಂಧ್ರತೆ ಎನ್ನುತ್ತಾರೆ. ಆ ಕಲ್ಲಿನ ಮೂಲಕ ನೀರು ಅಥವಾ ಅನಿಲ ಎಷ್ಟು ಸುಲಭವಾಗಿ ಹಾದುಹೋಗುತ್ತದೆ ಎಂಬುದಕ್ಕೆ ಪಾರಗಮ್ಯತೆ ಎನ್ನುತ್ತಾರೆ. ಮೊದಲನೆಯದು ಜಾಗದ ಲೆಕ್ಕ, ಎರಡನೆಯದು ದಾರಿಯ ಲೆಕ್ಕ. ಇವೆರಡೂ ಒಂದೇ ಅಲ್ಲ ಎಂಬುದನ್ನು ನಮ್ಮ ಕಾಲ ಕೆಳಗಿನ ಕರಿಕಲ್ಲೇ ತೋರಿಸುತ್ತದೆ.

ನಮ್ಮ ಕಾಲ ಕೆಳಗಿನ ಕಲ್ಲು

ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪಶ್ಚಿಮ ಭಾರತದಲ್ಲಿ ಭೂಮಿ ಬಿರಿದು ಲಾವಾ ಹರಿಯಿತು. ಒಂದರ ಮೇಲೊಂದು ಪದರವಾಗಿ ಆರಿದ ಆ ಲಾವಾವೇ ದಖ್ಖನ್ನಿನ ಕರಿಕಲ್ಲು, ಅಂದರೆ ಬಸಾಲ್ಟ್. ಅದರ ದಕ್ಷಿಣದ ಅಂಚು ನಮ್ಮ ಬೆಳಗಾವಿ ಜಿಲ್ಲೆಯಲ್ಲೇ ಇದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್ ಈ ಭಾಗವನ್ನೆಲ್ಲ ಸುತ್ತಾಡಿ, ದಕ್ಷಿಣ ಮರಾಠಾ ಪ್ರದೇಶದ ಭೂರಚನೆಯ ಬಗ್ಗೆ ಬರೆದ ದೊಡ್ಡ ವರದಿ 1876ರಲ್ಲಿ ಪ್ರಕಟವಾಯಿತು. ಯಾವ ಕಲ್ಲು ಎಲ್ಲಿದೆ ಎಂಬುದು ಆಗಲೇ ದಾಖಲಾಯಿತು. ಆದರೆ ಆ ಕಲ್ಲಿನಲ್ಲಿ ನೀರಿಗೆ ಎಷ್ಟು ಜಾಗವಿದೆ, ಎಷ್ಟು ದಾರಿಯಿದೆ ಎಂಬುದನ್ನು ಕಣ್ಣಿನಿಂದ ನೋಡಿ ಹೇಳಲಾಗದು.

ಲಾವಾ ಆರುವಾಗ ಅದರೊಳಗಿನ ಅನಿಲ ಮೇಲಕ್ಕೆ ಬಂದು ಗುಳ್ಳೆಗಳಾಗುತ್ತದೆ. ಹೀಗಾಗಿ ಪ್ರತಿ ಪದರದ ಮೇಲ್ಭಾಗ ಗುಳ್ಳೆಗಲ್ಲು, ನಡುಭಾಗ ಒತ್ತಾದ ಗಟ್ಟಿ ಕಲ್ಲು. ಗುಳ್ಳೆಗಲ್ಲನ್ನು ನೋಡಿದವರು ಇದರಲ್ಲಿ ನೀರು ಸರಾಗವಾಗಿ ಹರಿಯುತ್ತದೆ ಎಂದುಕೊಳ್ಳುತ್ತಾರೆ. ಆದರೆ ಎಷ್ಟೋ ಗುಳ್ಳೆಗಳು ಒಂದಕ್ಕೊಂದು ಸೇರಿಲ್ಲ, ಕೆಲವು ಬಿಳಿಯ ಖನಿಜದಿಂದ ತುಂಬಿಯೇ ಹೋಗಿವೆ. ಬಾಗಿಲಿಲ್ಲದ ಕೋಣೆಗಳ ಮನೆ ಇದ್ದ ಹಾಗೆ. ಜಾಗವಿದೆ, ದಾರಿಯಿಲ್ಲ. ಅದಕ್ಕೆ ಪ್ರತಿಯಾಗಿ, ಗುಳ್ಳೆಯೇ ಇಲ್ಲದ ಗಟ್ಟಿ ಕಲ್ಲಿನಲ್ಲಿ ಒಂದು ಸೀಳು ಇದ್ದರೆ ಅದರೊಳಗೆ ಜಾಗ ಅತ್ಯಲ್ಪ, ಆದರೆ ನೀರು ಅದರಲ್ಲಿ ಓಡುತ್ತದೆ.

ಈ ಕರಿಕಲ್ಲಿನ ಮೇಲೆ, ಬೆಳಗಾವಿಯಲ್ಲೂ ನಮ್ಮ ತಾಲ್ಲೂಕಿನ ಬಹಳ ಕಡೆಯಲ್ಲೂ, ಮಳೆ ಬಿಸಿಲುಗಳಿಗೆ ಸವೆದು ಮೆದುವಾದ ಕಲ್ಲು ಮತ್ತು ಜಂಬಿಟ್ಟಿಗೆಯ ಕೆಂಪು ಪದರವಿದೆ. ನಮ್ಮ ಹಿರಿಯರು ಬಾವಿ ತೋಡಿದ್ದು ಈ ಪದರದಲ್ಲಿ. ಬೆಳಗಾವಿಯಲ್ಲಿ 1924ರ ಡಿಸೆಂಬರಿನಲ್ಲಿ ಮಹಾತ್ಮ ಗಾಂಧಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ, ಬಂದ ಜನರಿಗಾಗಿ ಟಿಳಕವಾಡಿಯ ಬದಿ ತೋಡಿದ ಬಾವಿ ಈಗಲೂ ಕಾಂಗ್ರೆಸ್ ಬಾವಿ ಎಂದೇ ಹೆಸರಾಗಿದೆ. ಪಂಪಾ ಸರೋವರ ಎಂದು ಅದನ್ನು ಕರೆದಿದ್ದರು. 4,370 ರೂಪಾಯಿ 3 ಆಣೆ ಖರ್ಚಾಯಿತಂತೆ. 1990ರ ದಶಕದಲ್ಲಿ ನೀರಿನ ಅಭಾವ ಬಂದಾಗ ಬೆಳಗಾವಿಯಲ್ಲಿ ಹಳೆಯ ಬಾವಿಗಳ ಹೂಳು ತೆಗೆದು ಮತ್ತೆ ಬಳಕೆಗೆ ತಂದರು. ನಲವತ್ತು ಐವತ್ತು ಅಡಿಯ ಅಗಲ ಬಾವಿಗಳು ಉಳಿದುಕೊಂಡವು. ನೂರಾರು ಅಡಿಯ ಎಷ್ಟೋ ಬೋರ್‌ವೆಲ್‌ಗಳು ಬತ್ತಿದವು. ಇದಕ್ಕೆ ಕಾರಣ ತಿಳಿಯಬೇಕಾದರೆ ಜಾಗವನ್ನೂ ದಾರಿಯನ್ನೂ ಅಳೆಯಲು ಮನುಷ್ಯ ಕಲಿತ ಬಗೆಯನ್ನು ನೋಡಬೇಕು. ಆ ಕಥೆ ಶುರುವಾಗುವುದು ಫ್ರಾನ್ಸ್ ದೇಶದಲ್ಲಿ, ಅಲ್ಲಿಯೂ ಒಂದು ಊರಿನ ಕುಡಿಯುವ ನೀರಿನಿಂದ.

ದಾರಿಗೆ ಮೊದಲ ಅಳತೆ

ದಿಜೋನ್ ಎಂಬ ಊರಿನ ಎಂಜಿನಿಯರ್ ಹೆನ್ರಿ ಡಾರ್ಸಿ 1840ರಲ್ಲಿ ಸುಮಾರು 12 ಕಿ.ಮೀ. ದೂರದ ಬುಗ್ಗೆಯಿಂದ ತನ್ನ ಊರಿಗೆ ಕಾಲುವೆಯಲ್ಲಿ ನೀರು ತಂದ. ನೀರನ್ನು ಮರಳಿನಲ್ಲಿ ಸೋಸಲು ಎಷ್ಟು ದೊಡ್ಡ ತೊಟ್ಟಿ ಬೇಕು ಎಂಬ ಪ್ರಶ್ನೆ ಅವನ ಮುಂದೆ ಬಂತು. 1855 ಮತ್ತು 1856ರಲ್ಲಿ ಆ ಊರಿನ ಆಸ್ಪತ್ರೆಯ ಅಂಗಳದಲ್ಲಿ ಒಂದು ಕಬ್ಬಿಣದ ಕೊಳವೆ ನಿಲ್ಲಿಸಿ, ಅದಕ್ಕೆ ಮರಳು ತುಂಬಿ, ಮೇಲಿನಿಂದ ನೀರು ಬಿಟ್ಟು ಅಳೆದರು. ಒತ್ತಡ ಎರಡು ಪಟ್ಟಾದರೆ ನೀರೂ ಎರಡು ಪಟ್ಟು, ಮರಳಿನ ಉದ್ದ ಎರಡು ಪಟ್ಟಾದರೆ ನೀರು ಅರ್ಧ. ಇಷ್ಟು ಸರಳವಾದ ನಿಯಮ ಸಿಕ್ಕಿತು. 1856ರಲ್ಲಿ ದಿಜೋನಿನ ನೀರು ಪೂರೈಕೆಯ ಬಗ್ಗೆ ಬರೆದ ಗ್ರಂಥದ ಕೊನೆಯ ಟಿಪ್ಪಣಿಯೊಂದರಲ್ಲಿ ಅವನು ಇದನ್ನು ಸೇರಿಸಿದ. ಇಂದು ಜಗತ್ತಿನ ಅಂತರ್ಜಲ ಶಾಸ್ತ್ರವೆಲ್ಲ ನಿಂತಿರುವುದು ಆ ಟಿಪ್ಪಣಿಯ ಮೇಲೆ.

1933ರಲ್ಲಿ ಅಮೆರಿಕದ ತೈಲ ಸಂಶೋಧಕರು ಪಾರಗಮ್ಯತೆಯ ಅಳತೆಗೆ ಅವನ ಹೆಸರನ್ನೇ ಇಟ್ಟರು. ಒಂದು ಡಾರ್ಸಿ ಎಂದರೆ ಎಷ್ಟು ಎಂದು ಲೆಕ್ಕದಿಂದ ನೋಡೋಣ. ಎರಡೂವರೆ ಸೆಂ.ಮೀ. ದಪ್ಪದ, 5 ಸೆಂ.ಮೀ. ಉದ್ದದ ಮರಳುಗಲ್ಲಿನ ತುಣುಕು ತೆಗೆದುಕೊಳ್ಳಿ. ಅದರ ಒಂದು ತುದಿಗೆ ವಾತಾವರಣದ ಹತ್ತು ಪಟ್ಟು ಹೆಚ್ಚಿನ ಒತ್ತಡದಲ್ಲಿ ನೀರು ಬಿಡಿ. ಒಂದು ಡಾರ್ಸಿಯ ಕಲ್ಲಾಗಿದ್ದರೆ ಇನ್ನೊಂದು ತುದಿಯಲ್ಲಿ ಸೆಕೆಂಡಿಗೆ ಸುಮಾರು 10 ಮಿ.ಲೀ. ನೀರು ಬರುತ್ತದೆ. ಲೋಟ ಹಿಡಿದು, ಗಡಿಯಾರ ನೋಡಿ ಅಳೆಯಬಹುದು.

ಆದರೆ ಗಟ್ಟಿ ಕಲ್ಲಿನಲ್ಲಿ ಲೋಟ ಹಿಡಿದು ಕೂತರೆ ಏನೂ ಬೀಳುವುದಿಲ್ಲ. ಹಾಗಾದರೆ ಅಳೆಯುವುದು ಹೇಗೆ?

ಗಟ್ಟಿ ಕಲ್ಲನ್ನು ಅಳೆದ ಬಗೆ

ಮೊದಲು ಜಾಗದ ಅಳತೆ. ಇದಕ್ಕೆ ನಮ್ಮ ಶಾಲೆಯ ಪ್ರಯೋಗಾಲಯದ ತಕ್ಕಡಿಯೇ ಸಾಕು. ಕಲ್ಲನ್ನು ಚೆನ್ನಾಗಿ ಒಣಗಿಸಿ ತೂಗಬೇಕು; ನೀರಿನಲ್ಲಿ ನೆನೆಸಿ, ಮೇಲ್ಮೈ ಒರೆಸಿ ತೂಗಬೇಕು; ಕೊನೆಗೆ ನೀರಿನೊಳಗೆ ದಾರದಿಂದ ತೂಗುಬಿಟ್ಟು ತೂಗಬೇಕು. ಒಣ ತೂಕ 284 ಗ್ರಾಂ, ನೆನೆದ ತೂಕ 286 ಗ್ರಾಂ, ನೀರಿನೊಳಗಿನ ತೂಕ 186 ಗ್ರಾಂ ಎಂದಿಟ್ಟುಕೊಳ್ಳಿ. 286ರಲ್ಲಿ 186 ಕಳೆದರೆ 100. ಆರ್ಕಿಮಿಡೀಸ್ ತತ್ವದ ಪ್ರಕಾರ ಕಲ್ಲಿನ ಗಾತ್ರ 100 ಘನ ಸೆಂ.ಮೀ. ಕುಡಿದ ನೀರು 2 ಗ್ರಾಂ. ಅಂದರೆ ರಂಧ್ರತೆ ಶೇ. 2. ಕಟ್ಟಡದ ಕಲ್ಲುಗಳ ಪರೀಕ್ಷೆಗೆ 1974ರಲ್ಲಿ ಬಂದ ಭಾರತೀಯ ಮಾನಕ ಐ.ಎಸ್. 1124 ಕೂಡ ಕಲ್ಲನ್ನು ನೀರಿನಲ್ಲಿ ನೆನೆಸಿ ತೂಗಿ ನೋಡುವ ಪರೀಕ್ಷೆಯೇ.

ತೊಂದರೆ ಎಂದರೆ, ತೀರಾ ಸಣ್ಣ ರಂಧ್ರಗಳಿಗೆ ನೀರು ಪೂರ್ತಿ ಹೊಗುವುದಿಲ್ಲ. ಅದಕ್ಕೆ ಹೀಲಿಯಂ ಅನಿಲ ಬಳಸುತ್ತಾರೆ. ಅದರ ಪರಮಾಣು ಬಹಳ ಚಿಕ್ಕದು, ಕಲ್ಲಿಗೆ ಅಂಟಿಕೊಳ್ಳುವುದೂ ಇಲ್ಲವೆನ್ನುವಷ್ಟು ಕಡಿಮೆ. ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ, 1662ರಲ್ಲಿ ರಾಬರ್ಟ್ ಬಾಯ್ಲ್ ಪ್ರಕಟಿಸಿದ ನಿಯಮವೇ ಇಲ್ಲಿ ಕೆಲಸಕ್ಕೆ ಬರುತ್ತದೆ. 100 ಮಿ.ಲೀ.ಯ ಒಂದು ಡಬ್ಬಿಯಲ್ಲಿ 10 ವಾತಾವರಣ ಒತ್ತಡದ ಹೀಲಿಯಂ ಇದೆ. ಪಕ್ಕದ 100 ಮಿ.ಲೀ. ಡಬ್ಬಿಯಲ್ಲಿ 50 ಮಿ.ಲೀ. ಗಾತ್ರದ ಕಲ್ಲಿಟ್ಟು ಗಾಳಿಯನ್ನೆಲ್ಲ ತೆಗೆದಿದೆ. ನಡುವಿನ ನಲ್ಲಿ ತಿರುಗಿಸಿದರೆ ಅನಿಲ ಹರಡಿಕೊಳ್ಳುತ್ತದೆ. ಕಲ್ಲಿನಲ್ಲಿ ಜಾಗವೇ ಇಲ್ಲದಿದ್ದರೆ ಒತ್ತಡ 6.67ಕ್ಕೆ ನಿಲ್ಲಬೇಕು. 6.56ಕ್ಕೆ ನಿಂತರೆ, ಕಲ್ಲಿನೊಳಗೆ ಸುಮಾರು 2.4 ಮಿ.ಲೀ. ಜಾಗ ಸಿಕ್ಕಿತು ಎಂದರ್ಥ, ರಂಧ್ರತೆ ಶೇ. 5ರ ಹತ್ತಿರ. ಬಾಗಿಲಿಲ್ಲದ ಗುಳ್ಳೆಗಳಿಗೆ ಹೀಲಿಯಂ ಕೂಡ ಹೋಗಲಾರದು. ಹೀಗಾಗಿ ಇಲ್ಲಿ ಸಿಗುವುದು ಜೋಡಣೆಯಿರುವ ಜಾಗದ ಲೆಕ್ಕ ಮಾತ್ರ.

ಇನ್ನು ದಾರಿಯ ಅಳತೆ. ಬಿಗಿಯಾದ ಕಲ್ಲಿನಲ್ಲಿ ನೀರಿಗಿಂತ ಅನಿಲ ಬೇಗ ಸಾಗುತ್ತದೆ ಎಂದು ಅನಿಲ ಬಿಟ್ಟು ಅಳೆಯತೊಡಗಿದರು. ಆದರೆ ಒಂದೇ ಕಲ್ಲಿಗೆ ಕಡಿಮೆ ಒತ್ತಡದಲ್ಲಿ ಒಂದು ಉತ್ತರ, ಹೆಚ್ಚು ಒತ್ತಡದಲ್ಲಿ ಇನ್ನೊಂದು ಉತ್ತರ ಬರುತ್ತಿತ್ತು. 1941ರಲ್ಲಿ ಕ್ಲಿಂಕೆನ್‌ಬರ್ಗ್ ಎಂಬ ವಿಜ್ಞಾನಿ ಕಾರಣ ತಿಳಿಸಿದ. ನೀರು ರಂಧ್ರದ ಗೋಡೆಗೆ ಅಂಟಿ ನಿಲ್ಲುತ್ತದೆ, ಅನಿಲ ಹಾಗೆ ನಿಲ್ಲದೆ ಜಾರುತ್ತದೆ. ಒತ್ತಡ ಕಡಿಮೆಯಾದಷ್ಟೂ ಜಾರುವುದು ಹೆಚ್ಚು. ಆದ್ದರಿಂದ ಬೇರೆ ಬೇರೆ ಒತ್ತಡಗಳಲ್ಲಿ ಅಳೆದು, ಒತ್ತಡ ಅಪಾರವಾದಾಗ ಎಷ್ಟಿರುತ್ತಿತ್ತು ಎಂದು ಗೆರೆ ಎಳೆದು ನೋಡಬೇಕು. ಅದೇ ಕಲ್ಲಿನ ನಿಜವಾದ ಅಂಕಿ.

ಮತ್ತೊಂದು ದೊಡ್ಡ ಹೆಜ್ಜೆ 1968ರದು. ಅಮೆರಿಕದ ಎಂ.ಐ.ಟಿ.ಯಲ್ಲಿ ವಿಲಿಯಂ ಬ್ರೇಸ್ ಮತ್ತು ಅವರ ಸಂಗಡಿಗರು, ಹರಿದು ಬಂದದ್ದನ್ನು ಅಳೆಯುವುದನ್ನೇ ಬಿಟ್ಟರು. ಗ್ರಾನೈಟ್ ತುಣುಕಿನ ಎರಡೂ ತುದಿಗೆ ಒಂದೊಂದು ಮುಚ್ಚಿದ ಪಾತ್ರೆ ಜೋಡಿಸಿ, ಒಂದರಲ್ಲಿ ಒತ್ತಡವನ್ನು ಥಟ್ಟನೆ ಸ್ವಲ್ಪ ಏರಿಸಿದರು. ಆ ಒತ್ತಡ ಎಷ್ಟು ಹೊತ್ತಿನಲ್ಲಿ ಇಳಿಯುತ್ತದೆ ಎಂಬುದರಿಂದ ಪಾರಗಮ್ಯತೆಯನ್ನು ಲೆಕ್ಕ ಹಾಕಿದರು. ಸೈಕಲ್ ಟ್ಯೂಬಿನ ಗಾಳಿ ಇಳಿಯುವ ವೇಗ ನೋಡಿ ತೂತು ಎಷ್ಟು ಸಣ್ಣದು ಎಂದು ಅಂದಾಜು ಮಾಡುವ ಹಾಗೆ. ನಾನು ಅಂಕಿಗಳನ್ನು ದಾಖಲಿಸಿದ ಯಂತ್ರವೂ ಇದೇ ವಿಧಾನದ್ದು.

ಅವರಿಗೆ ಸಿಕ್ಕ ಉತ್ತರ: ಕಲ್ಲನ್ನು ಸುತ್ತಲಿನಿಂದ 100 ಬಾರ್ ಒತ್ತಡದಲ್ಲಿ ಅದುಮಿದಾಗ 350 ನ್ಯಾನೋಡಾರ್ಸಿ, 4,000 ಬಾರ್‌ನಲ್ಲಿ ಅದುಮಿದಾಗ ಬರೀ 4 ನ್ಯಾನೋಡಾರ್ಸಿ. ಒಂದು ನ್ಯಾನೋಡಾರ್ಸಿ ಎಂದರೆ ಡಾರ್ಸಿಯ ನೂರು ಕೋಟಿಯಲ್ಲಿ ಒಂದು ಪಾಲು. ಮೇಲೆ ಹೇಳಿದ ಅದೇ ಗಾತ್ರದ ತುಣುಕಿಗೆ ಲೆಕ್ಕ ಹಾಕಿದರೆ, ಮೊದಲ ಸ್ಥಿತಿಯಲ್ಲಿ ಇಡೀ ದಿನಕ್ಕೆ ಆರು ಹನಿ ನೀರು. ಎರಡನೆಯದರಲ್ಲಿ ಒಂದು ಹನಿಗೆ ಎರಡು ವಾರ. ಕಲ್ಲು ಅದೇ. ಒತ್ತಡ ಹೆಚ್ಚಿದಾಗ ಕೂದಲಿಗಿಂತ ಸಣ್ಣ ಬಿರುಕುಗಳು ಮುಚ್ಚಿಕೊಂಡವು, ಅಷ್ಟೇ. ನೆಲದಲ್ಲಿಯೂ ಆಳಕ್ಕೆ ಹೋದಂತೆ ಮೇಲಿನ ಕಲ್ಲಿನ ಭಾರ ಹೆಚ್ಚುತ್ತದೆ.

ಕೊಯ್ನಾ ಕಲಿಸಿದ ಪಾಠ

ಇಷ್ಟು ಸಣ್ಣ ದಾರಿಗಳಿಂದ ಯಾರಿಗೇನು ಎಂದು ಕೇಳಬಹುದು. ನಮ್ಮ ಉತ್ತರಕ್ಕಿರುವ ಕೊಯ್ನಾ ಇದಕ್ಕೆ ಉತ್ತರ. ಅಲ್ಲಿಯೂ ನಮ್ಮಲ್ಲಿರುವ ಕರಿಕಲ್ಲೇ. ಅಣೆಕಟ್ಟಿನಲ್ಲಿ ನೀರು ನಿಲ್ಲತೊಡಗಿದ ಕೆಲವೇ ವರ್ಷಗಳಲ್ಲಿ, 1967ರ ಡಿಸೆಂಬರ್ 11ರ ನಸುಕಿನಲ್ಲಿ, 6.3 ಪ್ರಮಾಣದ ಭೂಕಂಪವಾಗಿ ಸುಮಾರು ಇನ್ನೂರು ಜನ ಸತ್ತರು. ಜಲಾಶಯದ ನೀರಿನ ಭಾರ ಮತ್ತು ಬಿರುಕುಗಳಲ್ಲಿ ಆಳಕ್ಕೆ ಸಾಗಿದ ನೀರಿನ ಒತ್ತಡ ಇವೆರಡೂ ಸೇರಿ ಆ ಭೂಕಂಪಕ್ಕೆ ಚಾಲನೆ ಕೊಟ್ಟವು ಎಂಬುದು ಭೂವಿಜ್ಞಾನಿಗಳ ಅಭಿಪ್ರಾಯ. ಇದನ್ನು ಅರಿಯಲೆಂದೇ ಕೇಂದ್ರ ಭೂವಿಜ್ಞಾನ ಸಚಿವಾಲಯ ಕರಾಡದಲ್ಲಿ ಪ್ರಯೋಗಾಲಯ ಸ್ಥಾಪಿಸಿ, 2017ರಲ್ಲಿ 3 ಕಿ.ಮೀ. ಆಳದ ರಂಧ್ರ ಕೊರೆಸಿತು. ಒಂದು ಕಿಲೋಮೀಟರಿಗಿಂತ ದಪ್ಪದ ಕರಿಕಲ್ಲು ದಾಟಿದ ಮೇಲೆ ಗ್ರಾನೈಟ್ ಜಾತಿಯ ಹಳೆಯ ಕಲ್ಲು ಸಿಕ್ಕಿತು. ಕೈಯಲ್ಲಿ ಹಿಡಿದ ತುಣುಕು ಗಟ್ಟಿಯಾಗಿರಬಹುದು, ಆದರೆ ಬೆಟ್ಟದಷ್ಟು ಕಲ್ಲಿನಲ್ಲಿ ಎಲ್ಲೋ ಒಂದು ಬಿರುಕಿದ್ದರೆ ನೀರು ಅದನ್ನು ಹಿಡಿದು ಹೋಗುತ್ತದೆ. ಪ್ರಯೋಗಾಲಯದ ಅಂಕಿ ಬಿರುಕಿಲ್ಲದ ಕಲ್ಲಿನ ಗುಣ ಹೇಳುತ್ತದೆ. ಬಿರುಕಿನ ಸಂಗತಿ ತಿಳಿಯಲು ಬಾವಿಯಲ್ಲೇ, ಬೋರ್‌ನಲ್ಲೇ ಅಳೆಯಬೇಕು. ಎರಡೂ ಬೇಕು.

ನಮ್ಮ ಹೊಲದ ಬೋರ್

2016ರ ಬೇಸಿಗೆಯಲ್ಲಿ ನಮ್ಮ ಹೊಲದಲ್ಲಿ ಬೋರ್ ಹಾಕಿಸಿದೆವು. ತೆಂಗಿನಕಾಯಿ ಹಿಡಿದು ಜಾಗ ತೋರಿಸಿದರು. 200 ಅಡಿಗೆ ನೀರಿಲ್ಲ. "ಇನ್ನಷ್ಟು ಹೋದ್ರ ಸಿಗ್ತೈತಿ," ಅಂದರು ಗಾಡಿಯವರು. 300ಕ್ಕೂ ಇಲ್ಲ. 410 ಅಡಿಗೆ ನಿಲ್ಲಿಸಿದಾಗ ಅಂಗಳದ ತುಂಬ ಬೂದಿ ಬಣ್ಣದ ಪುಡಿ ಬಿದ್ದಿತ್ತು. ಅಪ್ಪ ಆ ಸಾಲ ತೀರಿಸಲು ನಾಲ್ಕು ವರ್ಷ ಹಿಡಿಯಿತು. ಅಲ್ಲಿಂದ ಎಂಬತ್ತು ಹೆಜ್ಜೆ ದೂರದಲ್ಲಿ ಅಜ್ಜ ತೋಡಿಸಿದ 38 ಅಡಿಯ ಬಾವಿಯಲ್ಲಿ ಯುಗಾದಿಯವರೆಗೆ ನೀರಿತ್ತು.

"ಇಷ್ಟ್ ಮಳಿ ಆಗ್ತೈತಿ, ನೀರು ಎಲ್ಲಿ ಹೋಗ್ತೈತೋ ತಮ್ಮಾ?" ಎಂದು ಕಾಕಾ ಕೇಳಿದ್ದರು. ಆಗ ನನಗೆ ಗೊತ್ತಿರಲಿಲ್ಲ. ಈಗ ಹೇಳಬಲ್ಲೆ. ಅಂತರ್ಜಲದ ಅಂದಾಜಿಗೆಂದು ಕೇಂದ್ರ ಸರ್ಕಾರದ ಸಮಿತಿ 1997ರಲ್ಲಿ ಕೊಟ್ಟ ಸೂತ್ರಗಳ ಪ್ರಕಾರ, ಬಿದ್ದ ಮಳೆಯಲ್ಲಿ ನೆಲಕ್ಕೆ ಇಂಗುವುದು ಜಂಬಿಟ್ಟಿಗೆಯಲ್ಲಿ ಶೇ. 7ರಷ್ಟು, ಬಿರುಕಿಲ್ಲದ ಗಟ್ಟಿ ಕಲ್ಲಿನಲ್ಲಿ ಶೇ. 1ರಷ್ಟು. ಕಣಕುಂಬಿಯ ಕಡೆ ಎಷ್ಟೇ ಸುರಿದರೂ ಹೆಚ್ಚಿನ ಪಾಲು ಹಳ್ಳ ಹಿಡಿದು ಮಲಪ್ರಭೆಗೆ, ಘಟ್ಟದ ಕೆಳಗೆ ಹೋಗುತ್ತದೆ. ಇಂಗಿದ ನೀರಿನಲ್ಲಿ ಬಾವಿಗೆ ಬಿಟ್ಟುಕೊಡುವ ಪಾಲನ್ನೂ ಆ ಸಮಿತಿ ಹೇಳಿದೆ: ಸವೆದ ಕರಿಕಲ್ಲಿನಲ್ಲಿ ಗಾತ್ರದ ಶೇ. 2, ಗಟ್ಟಿ ಕಲ್ಲಿನಲ್ಲಿ ಶೇ. 0.3. ಒಂದು ಎಕರೆ ಹೊಲದ ಕೆಳಗೆ 10 ಮೀಟರ್ ದಪ್ಪದ ಸವೆದ ಕಲ್ಲು ನೀರು ಕುಡಿದು ನಿಂತಿದ್ದರೆ ಸುಮಾರು 8 ಲಕ್ಷ ಲೀಟರ್ ಸಿಗಬಹುದು. ಅಷ್ಟೇ ದಪ್ಪದ ಗಟ್ಟಿ ಕಲ್ಲಿನಲ್ಲಿ 1.2 ಲಕ್ಷ ಲೀಟರ್. ನಮ್ಮ ಬೋರ್ ಅಜ್ಜನ ಬಾವಿಯ ನೀರಿನ ಪದರವನ್ನು ದಾಟಿ, ಅಲ್ಲಿ ಕೇಸಿಂಗ್ ಪೈಪಿನಿಂದ ಅದನ್ನು ಮುಚ್ಚಿ, ಜಾಗವೂ ದಾರಿಯೂ ಇಲ್ಲದ ಕಲ್ಲಿಗೆ ಇಳಿದಿತ್ತು. ಆಳದಲ್ಲಿ ಒಳ್ಳೆಯ ಬಿರುಕು ಸಿಕ್ಕವರೂ ಇದ್ದಾರೆ. ಆದರೆ ಆಳಕ್ಕೆ ಹೋದಷ್ಟೂ ನೀರು ಹೆಚ್ಚು ಎಂಬ ನಂಬಿಕೆ ಅಳತೆಯ ಮುಂದೆ ನಿಲ್ಲುವುದಿಲ್ಲ.

ಶಾಲೆಗೆ ಒಂದು ವಿನಂತಿ

ಡಾರ್ಸಿಗೆ ಮರಳು ತುಂಬಿದ ಒಂದು ಕೊಳವೆ ಸಾಕಾಯಿತು. ನಮ್ಮ ಶಾಲೆಗೂ ದೊಡ್ಡ ಯಂತ್ರ ಬೇಕಿಲ್ಲ. ಒಂದು ಮಳೆಮಾಪಕ, ಬಾವಿಗೆ ಇಳಿಬಿಡಲು ಒಂದು ಟೇಪು, ಒಂದು ರಿಜಿಸ್ಟರ್ ಸಾಕು. ಪ್ರತಿ ತಿಂಗಳ ಒಂದನೆಯ ತಾರೀಖು ಎಂಟನೆಯ ತರಗತಿಯ ಇಬ್ಬರು ಮಕ್ಕಳು ಶಾಲೆಯ ಬಾವಿಯ ನೀರಿನ ಮಟ್ಟ ಬರೆದಿಡಲಿ. ಊರಿನಲ್ಲಿ ಯಾರಾದರೂ ಬಾವಿ ತೋಡಿದಾಗ, ಬೋರ್ ಹಾಕಿಸಿದಾಗ, ಎಷ್ಟು ಅಡಿಗೆ ಯಾವ ಬಣ್ಣದ ಮಣ್ಣು, ಯಾವ ಕಲ್ಲು, ಎಷ್ಟು ಅಡಿಗೆ ನೀರು ಎಂಬುದನ್ನು, ನೀರು ಸಿಗದಿದ್ದರೆ ಅದನ್ನೂ, ಹಿರಿಯರು ಬಂದು ಅದೇ ಪುಸ್ತಕದಲ್ಲಿ ಬರೆಸಲಿ. ಬಾವಿಯಿಂದ ಬಂದ ಕಲ್ಲಿನ ತುಣುಕನ್ನು ಮಕ್ಕಳು ಪ್ರಯೋಗಾಲಯದಲ್ಲಿ ಮೂರು ಸಲ ತೂಗಿ ರಂಧ್ರತೆ ಲೆಕ್ಕ ಹಾಕಲಿ. ಹೊಸದಾಗಿ ಬೋರ್ ಹಾಕಿಸುವವರು ಸಾಲ ಮಾಡುವ ಮೊದಲು ಆ ಪುಸ್ತಕ ತೆಗೆದು ನೋಡಬಹುದು.

ಈ ಐವತ್ತು ವರ್ಷಗಳ ಲೆಕ್ಕ ನಮ್ಮಲ್ಲಿ ಇಲ್ಲ. ಈ ವರ್ಷ ಶುರು ಮಾಡಿದರೆ ಹತ್ತು ವರ್ಷದಲ್ಲಿಯೇ ಉಪಯೋಗಕ್ಕೆ ಬರುವಷ್ಟು ಆಗುತ್ತದೆ. ಮಳೆಮಾಪಕ, ಟೇಪು, ರಿಜಿಸ್ಟರ್ ಇವಿಷ್ಟನ್ನು ನಮ್ಮ ಬ್ಯಾಚಿನವರು ಕೊಡಿಸುತ್ತೇವೆ. ಅಂಕಿಗಳನ್ನು ಕಂಪ್ಯೂಟರಿನಲ್ಲಿ ಇಡುವ ಕೆಲಸ ನನ್ನದು. ಹಂಚಿನ ಚೂರು ತೋರಿಸಿ ಪ್ರಶ್ನೆ ಕೇಳಿದ ನಮ್ಮ ಸರ್ ಈಗ ನಿವೃತ್ತರು. ಮಹೋತ್ಸವಕ್ಕೆ ಅವರು ಬಂದಾಗ, ಬಾವಿಯ ಮೊದಲ ಅಳತೆಯನ್ನು ಅವರ ಕೈಯಿಂದಲೇ ಬರೆಸಬೇಕೆಂದು ನನ್ನ ಆಸೆ.